ಏನೂ ಆಗಲಿಲ್ಲ ಅಂತ ಬಿಟ್ಟುಬಿಡೋದಾ?

ಪ್ರಶ್ನೆ: ನಾನು ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜಿಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಮೈಸೂರಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ ಮನೆಯವರು ತಂದಿದ್ದ ವಯಲ್ (ಔಷಧದ ಸೀಸೆ) ಅದು, ಮಿಲಿಗೆ 100 ಯೂನಿಟ್‌ನದು. ನನ್ನ ಜೊತೆಯ ಸಿಸ್ಟರ್ ವಾರ್ಡಿನಲ್ಲಿದ್ದ ಕೆಂಪು ಕ್ಯಾಪಿನ 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದಿದ್ದರು. ಚುಚ್ಚುವ ಮೊದಲು ನನ್ನ ಕಣ್ಣಿಗೆ ಬಿತ್ತು, ನಿಲ್ಲಿಸಿದೆ. ಅಜ್ಜಿಗೆ ಏನೂ ಆಗಲಿಲ್ಲ. ಬೆಳಗ್ಗೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದರೆ, "ಏನೂ ಆಗಿಲ್ಲ ಅಲ್ವಾ, ಬಿಟ್ಟುಬಿಡು. ಬರೆದರೆ ಎಲ್ಲರಿಗೂ ತೊಂದರೆ" ಅಂದರು. ಹಿಂದೆ ಒಬ್ಬರು ಹೀಗೇ ಬರೆದುಕೊಟ್ಟಾಗ ಅವರಿಗೇ ಮೆಮೊ ಬಂದಿತ್ತು. ನಾನು ಬರೆಯಬೇಕಾ? ಬರೆದರೆ ಪೊಲೀಸು, ಕೋರ್ಟು ಅಂತ ಆಗುತ್ತಾ? ಜೊತೆಯವರಿಗೆ ಮೋಸ ಮಾಡಿದ ಹಾಗಾಗಲ್ವಾ?

ಉತ್ತರ: ಬರೆಯಿರಿ. ಹೇಗೆ ಬರೆಯಬೇಕು, ಯಾರಿಗೆ ಕೊಡಬೇಕು, ಕಾನೂನಿನಲ್ಲಿ ಏನಿದೆ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ತಡೆದದ್ದು ಎಷ್ಟು ದೊಡ್ಡ ಅನಾಹುತ ಅನ್ನೋದು ಇದನ್ನು ಓದುವ ಬೇರೆಯವರಿಗೂ ಗೊತ್ತಾಗಬೇಕು.

ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಎರಡು ಥರ ಸಿಗುತ್ತದೆ. ಒಂದರಲ್ಲಿ ಪ್ರತಿ ಮಿಲಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಅದಕ್ಕೆ ತಕ್ಕ ಹಾಗೆ ಸಿರಿಂಜೂ ಎರಡು. 40ಕ್ಕೆ ಕೆಂಪು ಕ್ಯಾಪ್, 100ಕ್ಕೆ ಕಿತ್ತಳೆ ಕ್ಯಾಪ್. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆ ಅಂದರೆ ಅರ್ಧ ಮಿಲಿ. 40ರ ವಯಲ್‌ನಿಂದ ಅರ್ಧ ಮಿಲಿ ಎಳೆದರೆ ಸರಿಯಾಗಿ 20 ಯೂನಿಟ್. ಅದೇ ಅರ್ಧ ಮಿಲಿಯನ್ನು 100ರ ವಯಲ್‌ನಿಂದ ಎಳೆದರೆ 50 ಯೂನಿಟ್. ಕೊಡಬೇಕಾದದ್ದರ ಎರಡೂವರೆ ಪಟ್ಟು! ರಾತ್ರಿ ಮಲಗಿರುವ ವಯಸ್ಸಾದವರಿಗೆ ಅಷ್ಟು ಹೋದರೆ ಶುಗರ್ ಇಳಿಯುತ್ತಾ ಹೋಗುತ್ತದೆ. ಬೆವರು, ನಡುಕ, ಗೊಂದಲ ಬಂದರೂ ನಿದ್ದೆಯಲ್ಲಿ ಇರುವವರು ಹೇಳುವುದು ಹೇಗೆ? ಬೆಳಗ್ಗೆ ಎಬ್ಬಿಸಲು ಹೋದಾಗ ಪ್ರಜ್ಞೆ ಇರುವುದಿಲ್ಲ. ಆ ಅಜ್ಜಿ ಇವತ್ತು ಮನೆಯಲ್ಲಿ ಇದ್ದರೆ ಅದಕ್ಕೆ ನಿಮ್ಮ ಕಣ್ಣು ಕಾರಣ.

ಆದರೆ ನಾಳೆ ಆ ವಾರ್ಡಿನಲ್ಲಿ ನೀವು ಇರುವುದಿಲ್ಲ. ಅದೇ ಥರದ ವಯಲ್ ಇನ್ನೊಬ್ಬರ ಬ್ಯಾಗಿನಲ್ಲಿ ಬರುತ್ತದೆ. ಕಪಾಟಿನಲ್ಲಿ ಅದೇ ಕೆಂಪು ಕ್ಯಾಪಿನ ಸಿರಿಂಜು ಇರುತ್ತದೆ. ಬರೆಯಿರಿ ಅನ್ನುವುದು ಇದಕ್ಕೇ.

ನಿಮ್ಮ ಇನ್‌ಚಾರ್ಜ್ ಹೇಳಿದ "ಏನೂ ಆಗಿಲ್ಲ ಅಲ್ವಾ" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ತಮ್ಮ ಹುಡುಗಿಯರನ್ನು ಕಾಪಾಡಬೇಕು ಅಂತಲೇ ಹಾಗೆ ಅಂದಿರುತ್ತಾರೆ. ಆದರೆ ಏನೂ ಆಗದೇ ಇದ್ದದ್ದೇ ಬರೆಯುವುದಕ್ಕೆ ಒಳ್ಳೆಯ ಕಾರಣ. ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದ ತಪ್ಪನ್ನು ನಮ್ಮಲ್ಲಿ ನಿಯರ್ ಮಿಸ್ ಅನ್ನುತ್ತೇವೆ. ಅದರ ಬಗ್ಗೆ ಮಾತಾಡುವಾಗ ಸಾವಿಲ್ಲ, ಅಳುವ ಮನೆಯವರಿಲ್ಲ, ವಕೀಲರಿಲ್ಲ. ಎಲ್ಲರೂ ತಲೆ ತಣ್ಣಗಿಟ್ಟುಕೊಂಡು ಕೂತು ಯೋಚಿಸಬಹುದು. ಯಾರಾದರೂ ತೀರಿಕೊಂಡ ಮೇಲೆ ಅದೇ ಪಾಠ ಕಲಿಯಲು ಹೋದರೆ ಅಷ್ಟು ಶಾಂತಿ ಎಲ್ಲಿರುತ್ತದೆ?

ಈ ಯೋಚನೆಗೆ ಜಗತ್ತಿನಲ್ಲಿ ದೊಡ್ಡ ತಿರುವು ಕೊಟ್ಟದ್ದು 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ. ಅಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪಿನಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಅಂತ ಅದು ಅಂದಾಜು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುವ ಪ್ರಕಾರ ಚಿಕಿತ್ಸೆಗೆ ಬಂದ ಹತ್ತರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಡೆಯಬಹುದಾದದ್ದು. ಈ ಹಾನಿ ಮಾಡುವವರಲ್ಲಿ ಬಹುಪಾಲು ಜನ ಸೋಮಾರಿಗಳಲ್ಲ, ಕೆಲಸ ಗೊತ್ತಿಲ್ಲದವರೂ ಅಲ್ಲ. ನಿಮ್ಮ ಜೊತೆಯ ಸಿಸ್ಟರ್ ಥರದವರೇ.

ಆ ರಾತ್ರಿಯನ್ನೇ ತೆಗೆದುಕೊಳ್ಳಿ. ಸಿರಿಂಜು ಎಳೆದದ್ದು ಒಬ್ಬರು, ಸರಿ. ಆದರೆ ಹೊರಗಿನ ವಯಲ್ ವಾರ್ಡಿಗೆ ಬಂದಾಗ ಅದರ ಮೇಲೆ ಗುರುತು ಹಾಕುವ ಕ್ರಮ ಇತ್ತಾ? ವಾರ್ಡಿನಲ್ಲಿ ಕಿತ್ತಳೆ ಕ್ಯಾಪಿನ ಸಿರಿಂಜು ಇತ್ತಾ? ಡ್ರಗ್ ಚಾರ್ಟಿನಲ್ಲಿ 20 ಯೂನಿಟ್ ಅಂತ ಬರೆದವರು ಯಾವ ವಯಲ್ ಅಂತ ಬರೆದಿದ್ದರಾ? ಇನ್ಸುಲಿನ್ ಕೊಡುವ ಮೊದಲು ಇನ್ನೊಬ್ಬರು ನೋಡಬೇಕು ಅಂತ ನಿಯಮ ಇತ್ತಾ, ಅಥವಾ ನೀವು ಅಲ್ಲಿ ಇದ್ದದ್ದು ಬರೀ ಅದೃಷ್ಟವಾ? ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ ಜೀವನವಿಡೀ ಹೇಳಿದ್ದು ಇದನ್ನೇ. ಮನುಷ್ಯ ತಪ್ಪುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಅವನು ಕೆಲಸ ಮಾಡುವ ಪರಿಸ್ಥಿತಿಯನ್ನು ಬದಲಾಯಿಸಬಹುದು. ನೀವು ಬರೆಯುವ ರಿಪೋರ್ಟು ಆ ಪರಿಸ್ಥಿತಿಯ ಬಗ್ಗೆ ಇರಬೇಕು.

ಹೇಗೆ ಬರೆಯಬೇಕು ಅಂತ ಒಂದು ಮಾದರಿ ಕೊಡುತ್ತೇನೆ. ನಿಮ್ಮ ಆಸ್ಪತ್ರೆಯಲ್ಲಿ ಇನ್ಸಿಡೆಂಟ್ ಫಾರಂ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ:

"ಇಂಥ ದಿನ ರಾತ್ರಿ 9 ಗಂಟೆಗೆ, ಮಹಿಳಾ ವಾರ್ಡ್. ರೋಗಿಗೆ 20 ಯೂನಿಟ್ ಇನ್ಸುಲಿನ್ ಎಂದು ಚಾರ್ಟಿನಲ್ಲಿ ಇತ್ತು. ಮನೆಯವರು ತಂದ ವಯಲ್ ಮಿಲಿಗೆ 100 ಯೂನಿಟ್‌ನದು. ವಾರ್ಡಿನಲ್ಲಿ 40ರ ಸಿರಿಂಜು ಮಾತ್ರ ಇತ್ತು. ಅದರಲ್ಲಿ 20ರ ಗೆರೆವರೆಗೆ ಎಳೆಯಲಾಗಿತ್ತು, ಅಂದರೆ 50 ಯೂನಿಟ್. ಚುಚ್ಚುವ ಮೊದಲು ಇನ್ನೊಬ್ಬ ನರ್ಸ್ ಗಮನಿಸಿ ನಿಲ್ಲಿಸಿದರು. ರೋಗಿಗೆ ಇನ್ಸುಲಿನ್ ಹೋಗಿಲ್ಲ. ಆ ಹೊತ್ತಿಗೆ ವಾರ್ಡಿನಲ್ಲಿ ಇಷ್ಟು ರೋಗಿಗಳು, ಇಷ್ಟು ನರ್ಸ್‌ಗಳು. ಎರಡೂ ಬಗೆಯ ವಯಲ್ ಫ್ರಿಜ್ಜಿನ ಒಂದೇ ಟ್ರೇಯಲ್ಲಿ ಇದ್ದವು."

ಇಷ್ಟೇ. ಹೆಸರು ಬೇಡ, ಡ್ಯೂಟಿ ನರ್ಸ್ ಅಂದರೆ ಸಾಕು. "ನಿರ್ಲಕ್ಷ್ಯದಿಂದ", "ಬೇಜವಾಬ್ದಾರಿಯಿಂದ" ಅನ್ನುವ ಮಾತು ಬೇಡವೇ ಬೇಡ. ನೀವು ಕಂಡದ್ದು ಮಾತ್ರ ಇರಲಿ, ಊಹಿಸಿದ್ದು ಬೇಡ. ಘಟನೆ ಆದ ದಿನವೇ ಬರೆದರೆ ಉತ್ತಮ. ಈಗ ತಿಂಗಳಾಗಿದೆ, ಪರವಾಗಿಲ್ಲ. ನೆನಪಿರುವಷ್ಟು ಬರೆದು, ಬರೆದ ದಿನಾಂಕವನ್ನೇ ಹಾಕಿ. ಹಿಂದಿನ ದಿನಾಂಕ ಹಾಕಬೇಡಿ.

ಈ ರಿಪೋರ್ಟು ಕೇಸ್ ಶೀಟಿನ ಒಳಗೆ ಹೋಗಬಾರದು. ಎರಡೂ ಬೇರೆ ಬೇರೆ. ಕೇಸ್ ಶೀಟ್ ರೋಗಿಯ ಚಿಕಿತ್ಸೆಯ ದಾಖಲೆ. ತಪ್ಪು ಡೋಸ್ ನಿಜವಾಗಿ ರೋಗಿಗೆ ಹೋಗಿದ್ದರೆ ಮಾತ್ರ ವಿಷಯ ಬೇರೆ. ಆಗ ಎಷ್ಟು ಹೋಯಿತು, ಎಷ್ಟು ಗಂಟೆಗೆ, ಶುಗರ್ ಎಷ್ಟಿತ್ತು, ಡಾಕ್ಟರಿಗೆ ಯಾವಾಗ ಹೇಳಿದಿರಿ, ಏನು ಚಿಕಿತ್ಸೆ ಆಯಿತು ಎಲ್ಲವೂ ಕೇಸ್ ಶೀಟಿನಲ್ಲಿ ಇರಲೇಬೇಕು. ಮನೆಯವರಿಗೂ ಹೇಳಬೇಕು. ಡಾಕ್ಟರ್ ಎದುರು ಕೂತು, ನೇರವಾಗಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ. ಮುಚ್ಚಿಟ್ಟದ್ದು ನಾಲ್ಕು ದಿನ ಬಿಟ್ಟು ಗೊತ್ತಾದಾಗ ಬರುವ ಸಿಟ್ಟು ತಪ್ಪಿನಿಂದ ಬರುವ ಸಿಟ್ಟಿಗಿಂತ ಎಷ್ಟೋ ಜಾಸ್ತಿ. ಇನ್ನೊಂದು, ಕೇಸ್ ಶೀಟನ್ನು ತಿದ್ದಬೇಡಿ. ವೈಟ್‌ನರ್ ಹಚ್ಚಬೇಡಿ, ಹಾಳೆ ಬದಲಾಯಿಸಬೇಡಿ. ತಪ್ಪು ಬರೆದಿದ್ದರೆ ಓದಲು ಆಗುವ ಹಾಗೆ ಒಂದೇ ಗೆರೆ ಎಳೆದು, ಸಹಿ, ದಿನಾಂಕ, ಸಮಯ ಹಾಕಿ. ರೋಗಿಯ ಕಡೆಯವರು ದಾಖಲೆ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಅಂದರೆ ಅದು ಹೊರಗೆ ಹೋಗುವ ಕಾಗದ.

ಈಗ ಪೊಲೀಸು, ಕೋರ್ಟಿನ ವಿಷಯ. ನಿಮ್ಮ ಘಟನೆಯಲ್ಲಿ ಯಾರಿಗೂ ಹಾನಿ ಆಗಿಲ್ಲ. ಹಾನಿಯೇ ಇಲ್ಲದ ಮೇಲೆ ಪರಿಹಾರದ ಕೇಸ್ ನಿಲ್ಲುವುದು ಕಷ್ಟ. ಹಾನಿ ಆದಾಗಲೂ ಎಲ್ಲಾ ತಪ್ಪೂ ಅಪರಾಧ ಆಗುವುದಿಲ್ಲ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಸಾಮಾನ್ಯ ಎಚ್ಚರ ತಪ್ಪಿದ್ದು, ತೀರ್ಮಾನದಲ್ಲಿ ಎಡವಿದ್ದು ಕ್ರಿಮಿನಲ್ ಅಪರಾಧವಲ್ಲ, ನಿರ್ಲಕ್ಷ್ಯ ಬಹಳ ಗಂಭೀರವಾಗಿರಬೇಕು ಅಂತ. ಆದರೆ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಡೆನ್ಮಾರ್ಕಿನಲ್ಲಿ 2004ರಿಂದ ಒಂದು ಕಾನೂನು ಇದೆ. ತಪ್ಪನ್ನು ವರದಿ ಮಾಡಿದ ಆಸ್ಪತ್ರೆ ಸಿಬ್ಬಂದಿಯನ್ನು ಆ ವರದಿಯ ಕಾರಣಕ್ಕೆ ಶಿಕ್ಷಿಸುವ ಹಾಗಿಲ್ಲ. ನಮ್ಮಲ್ಲಿ ಇಂಥ ರಿಪೋರ್ಟಿಗೆ ರಕ್ಷಣೆ ಕೊಡುವ ಪ್ರತ್ಯೇಕ ಕಾನೂನು ಇಲ್ಲ. ಇನ್ನೂ ಒಂದು ವಿಷಯ ನರ್ಸ್‌ಗಳು ತಿಳಿದಿರಬೇಕು. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ನಿರ್ಲಕ್ಷ್ಯದಿಂದ ಆದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇದೆ. ಚಿಕಿತ್ಸೆ ಮಾಡುವಾಗ ಆದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ. ಈ ಕಡಿಮೆ ಮಿತಿ ಇರುವುದು ವೈದ್ಯರಿಗೆ ಮಾತ್ರ, ನರ್ಸ್‌ಗಳ ಹೆಸರು ಅಲ್ಲಿಲ್ಲ. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿ ಇರುವವರೇ ಹೆಚ್ಚು ಹೆದರಬೇಕಾದ ಸ್ಥಿತಿ ಯಾಕೆ ಬರಬೇಕು? ಆದರೆ ಇದರಿಂದ ಬರುವ ತೀರ್ಮಾನ ಬರೆಯಬೇಡಿ ಅಂತಲ್ಲ. ಸಾವು ಆಗುವ ಮೊದಲೇ ಬರೆಯಿರಿ ಅಂತ. ಬರೆಯುವಾಗ ತೀರ್ಪು ಕೊಡದೆ ನಡೆದದ್ದನ್ನು ಮಾತ್ರ ಬರೆಯಿರಿ ಅಂತ ಮೇಲೆ ಹೇಳಿದ್ದಕ್ಕೂ ಇದು ಕಾರಣ.

ಮೆಮೊ ಬಂದಿತ್ತು ಅಂದಿರಲ್ಲ, ನನಗೆ ಕೋರ್ಟಿಗಿಂತ ಹೆಚ್ಚು ಚಿಂತೆ ಅದರದ್ದೇ. ಒಬ್ಬರಿಗೆ ಮೆಮೊ ಕೊಟ್ಟರೆ ಇಡೀ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಯಾರೂ ಬರೆಯುವುದಿಲ್ಲ. ಆಮೇಲೆ ತಿಂಗಳ ಮೀಟಿಂಗಿನಲ್ಲಿ "ಘಟನೆಗಳು: ಸೊನ್ನೆ" ಅಂತ ಓದುತ್ತಾರೆ. ಸೊನ್ನೆ ಅಂದರೆ ತಪ್ಪು ಆಗುತ್ತಿಲ್ಲ ಅಂತಲ್ಲ, ಯಾರೂ ಹೇಳುತ್ತಿಲ್ಲ ಅಂತ. ವಿಮಾನಯಾನದವರು ಇದನ್ನು ಬೇಗ ಅರ್ಥ ಮಾಡಿಕೊಂಡರು. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪುಗಳನ್ನು ನಾಸಾಕ್ಕೆ ಬರೆದು ಕಳಿಸುತ್ತಾರೆ. ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರುವ ಇಲಾಖೆಗೆ ಅಲ್ಲ. ಶಿಕ್ಷೆ ಕೊಡುವವರ ಕೈಗೆ ರಿಪೋರ್ಟು ನೇರವಾಗಿ ಹೋಗದ ಹಾಗೆ ನೋಡಿಕೊಂಡರು, ಜನ ಬರೆದರು.

ದೊಡ್ಡ ಊರುಗಳಲ್ಲಿ ಇದಕ್ಕೆ ಹೆಸರಿಲ್ಲದ ಪೆಟ್ಟಿಗೆ ಇಡುತ್ತಾರೆ. ನಮ್ಮ ಕೊಡಗಿನಲ್ಲಿ ಅದು ನಡೆಯುವುದು ಕಷ್ಟ. ನೈಟ್ ಡ್ಯೂಟಿಗೆ ಇಬ್ಬರೇ ಇದ್ದರೆ ಬರೆದವರು ಯಾರು ಅಂತ ಕೇಳಬೇಕಾ? ಕೈಬರಹ ನೋಡಿದರೇ ಗೊತ್ತಾಗುತ್ತದೆ. ರೋಗಿ ಇನ್‌ಚಾರ್ಜ್ ಸಿಸ್ಟರ್‌ರ ಒಕ್ಕದವರಾಗಿರಬಹುದು (ಅಂದರೆ ಒಂದೇ ಮನೆತನದವರು), ಡಾಕ್ಟರು ಮುಂದಿನ ವಾರ ಅದೇ ಮದುವೆಯಲ್ಲಿ ಸಿಗಬಹುದು. ಹಾಗಾಗಿ ಸಣ್ಣ ಊರಿನಲ್ಲಿ ಗುಟ್ಟು ಕಾಪಾಡುತ್ತೇವೆ ಅನ್ನುವುದಕ್ಕಿಂತ ಮೇಲಿನವರ ಮಾತು ಮುಖ್ಯ. ಮೆಡಿಕಲ್ ಸೂಪರಿಂಟೆಂಡೆಂಟ್ ಒಂದು ಸುತ್ತೋಲೆ ಹೊರಡಿಸಲಿ: ಒಳ್ಳೆಯ ಉದ್ದೇಶದಿಂದ ಕೊಟ್ಟ ರಿಪೋರ್ಟಿಗೆ ಮೆಮೊ ಇಲ್ಲ. ಬೇಕಂತಲೇ ಹಾನಿ ಮಾಡಿದರೆ, ಕುಡಿದು ಡ್ಯೂಟಿಗೆ ಬಂದರೆ, ಮುಚ್ಚಿಟ್ಟರೆ ಮಾತ್ರ ಕ್ರಮ. ಅದನ್ನು ಪ್ರತಿ ವಾರ್ಡಿನಲ್ಲಿ ಓದಿ ಹೇಳಲಿ. ಇದನ್ನು ಕೇಳುವ ಹಕ್ಕು ನಿಮಗಿದೆ. ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳಾಗಲಿ, ಖಾಸಗಿಯವರು ಹೆಚ್ಚಾಗಿ ಪಡೆಯುವ, ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆಯಾಗಲಿ, ಎರಡರಲ್ಲೂ ರೋಗಿಯ ಸುರಕ್ಷತೆಗೆ ಸಂಬಂಧಿಸಿದ ಘಟನೆಗಳನ್ನು ದಾಖಲಿಸಿ ಕಾರಣ ಹುಡುಕಬೇಕು ಅಂತಲೇ ಇದೆ. ಬರೆದವರಿಗೆ ಮೆಮೊ ಕೊಟ್ಟರೆ ಅದು ನಡೆಯುವುದು ಹೇಗೆ?

ರಿಪೋರ್ಟನ್ನು ಕ್ವಾಲಿಟಿ ನೋಡಿಕೊಳ್ಳುವವರು ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಗೆ ಕೊಡಿ. ಕೊಡುವ ಮೊದಲು ಇನ್‌ಚಾರ್ಜ್ ಸಿಸ್ಟರ್‌ಗೆ "ಅಕ್ಕ, ಇದು ಸಿರಿಂಜಿನ ವಿಷಯ, ಯಾರ ಮೇಲೂ ದೂರಲ್ಲ" ಅಂತ ಹೇಳಿ, ಓದಲು ಕೊಡಿ. ಹೆಸರಿಲ್ಲದ ಹಾಳೆ ನೋಡಿದರೆ ಅವರ ಅರ್ಧ ಭಯ ಹೋಗುತ್ತದೆ. ಕೆಳಗೆ ಎರಡು ಸಾಲಿನ ಸಲಹೆಯನ್ನೂ ಬರೆಯಿರಿ, ಏಕೆಂದರೆ ಬರೀ ಸಮಸ್ಯೆ ಬರೆದರೆ "ಎಲ್ಲರೂ ಎಚ್ಚರದಿಂದ ಇರಿ" ಅಂತ ಒಂದು ನೋಟಿಸ್ ಬಂದು ಮುಗಿದುಹೋಗುತ್ತದೆ. ಆ ನೋಟಿಸಿನಷ್ಟು ಕೆಲಸಕ್ಕೆ ಬಾರದ್ದು ಬೇರೆ ಇಲ್ಲ. ಕೆಲಸ ಮಾಡುವುದು ವಸ್ತುವನ್ನೇ ಬದಲಾಯಿಸಿದಾಗ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಆಂಪೂಲ್‌ಗಳ ಕಥೆ ನಿಮಗೆ ಗೊತ್ತಿರಬಹುದು. ತೆಳು ಮಾಡದೆ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. "ನೋಡಿ ಕೊಡಿ" ಅಂತ ಎಷ್ಟು ಹೇಳಿದರೂ ಸಾವು ನಿಲ್ಲಲಿಲ್ಲ. ಸಾಮಾನ್ಯ ವಾರ್ಡಿನ ಟ್ರೇಯಿಂದ ಅವನ್ನು ತೆಗೆದುಬಿಡುವುದೇ ದಾರಿ ಅಂತ ಜಗತ್ತಿನ ಆಸ್ಪತ್ರೆಗಳು ಕಂಡುಕೊಂಡವು. ನಿಮ್ಮಲ್ಲೂ ಹಾಗೆಯೇ: ಕಿತ್ತಳೆ ಕ್ಯಾಪಿನ ಸಿರಿಂಜು ಫಾರ್ಮಸಿಯಲ್ಲಿ ಯಾವಾಗಲೂ ಇರಲಿ. 100ರ ವಯಲ್ ಮತ್ತು ಅದರ ಸಿರಿಂಜು ಒಂದೇ ಡಬ್ಬಿಯಲ್ಲಿ, ರೋಗಿಯ ಹೆಸರು ಬರೆದು, ಬೇರೆಯಾಗಿ ಇರಲಿ. ಎಳೆದ ಮೇಲೆ ವಯಲ್ ಮತ್ತು ಸಿರಿಂಜು ಎರಡನ್ನೂ ಹಿಡಿದು ಇನ್ನೊಬ್ಬರಿಗೆ ಸಂಖ್ಯೆಯನ್ನು ಜೋರಾಗಿ ಓದಿ ಹೇಳಬೇಕು. ಡಾಕ್ಟರು ಯೂನಿಟ್ ಅಂತ ಪೂರ್ತಿ ಬರೆಯಬೇಕು. ಇಂಗ್ಲಿಷಿನ ಯು ಅಕ್ಷರ ಮಾತ್ರ ಬರೆದರೆ ಅವಸರದಲ್ಲಿ ಸೊನ್ನೆಯ ಹಾಗೆ ಕಂಡು 4 ಯೂನಿಟ್ 40 ಆಗಿಬಿಡುತ್ತದೆ.

ನಿಮ್ಮ ಪ್ರಶ್ನೆಯ ನೆಪದಲ್ಲಿ ನಮ್ಮ ಜಿಲ್ಲೆಯಲ್ಲಿ ಬರೆದಿಡಬೇಕಾದ ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಒಂದು, ಹೆಸರು. ಒಂದೇ ವಾರ್ಡಿನಲ್ಲಿ ಇಬ್ಬರು ಮುತ್ತಮ್ಮ, ಇಬ್ಬರು ಪೊನ್ನಪ್ಪ ಇರುವುದು ನಮ್ಮಲ್ಲಿ ಹೊಸದೇನಲ್ಲ. ಮನೆ ಹೆಸರು ಕೇಳಿದರೆ ಕೊಡವರಲ್ಲಿ ಗೊತ್ತಾಗುತ್ತದೆ. ಆದರೆ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದವರಿಗೆ ಚಾರ್ಟಿನಲ್ಲಿ ಒಂದೇ ಹೆಸರು ಇರುತ್ತದೆ, ವಯಸ್ಸು ಅಂದಾಜು. ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿಗೆ ನಮ್ಮ ಮಾತೇ ಬರುವುದಿಲ್ಲ. "ನೀವು ಮುತ್ತಮ್ಮನಾ?" ಅಂತ ಕೇಳಿದರೆ ಕಿವಿ ಮಂದ ಇರುವವರು, ಭಾಷೆ ಬಾರದವರು ಹೂಂ ಅಂತ ತಲೆ ಆಡಿಸುತ್ತಾರೆ. "ನಿಮ್ಮ ಹೆಸರು ಹೇಳಿ" ಅಂತ ಕೇಳಬೇಕು. ಅದರ ಜೊತೆ ಕೈಪಟ್ಟಿಯ ಐಪಿ (ಒಳರೋಗಿ) ನಂಬರ್ ನೋಡಬೇಕು. ಬೆಡ್ ನಂಬರ್ ಗುರುತಲ್ಲ, ರೋಗಿ ಬೆಡ್ ಬದಲಾಯಿಸುತ್ತಾರೆ.

ಎರಡು, ರೆಫರಲ್. ಗಂಭೀರ ಆದವರನ್ನು ನಾವು ಮೈಸೂರಿಗೋ ಮಂಗಳೂರಿಗೋ ಕಳಿಸುತ್ತೇವೆ. ಮಳೆಗಾಲದ ರಾತ್ರಿ, ಕರೆಂಟ್ ಇಲ್ಲ, ಆಂಬ್ಯುಲೆನ್ಸ್ ಕಾಯುತ್ತಿದೆ, ಅವಸರದಲ್ಲಿ ಬರೆದ ಚೀಟಿ. ಹಾರ್ಟ್ ಅಟ್ಯಾಕ್ ಆದವರಿಗೆ ಇಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹೆಪಾರಿನ್ ಕೊಟ್ಟಿರುತ್ತೇವೆ, ಚೀಟಿಯಲ್ಲಿ ಸಮಯ ಇರುವುದಿಲ್ಲ. ಅಲ್ಲಿಯವರು ಇನ್ನೊಮ್ಮೆ ಕೊಟ್ಟರೆ ರಕ್ತಸ್ರಾವ. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಅನ್ನುವ ಮೂರು ಕಾಲಂ ಇರುವ ಒಂದು ಮುದ್ರಿತ ಹಾಳೆ ಇದನ್ನು ತಡೆಯುತ್ತದೆ. ಚೀಟಿ ಅರ್ಧಂಬರ್ಧ ಹೋಯಿತು ಅಂತ ಗೊತ್ತಾದಾಗ ಅದನ್ನೂ ಬರೆದು ಕೊಡಿ. ನಿಮ್ಮ ಅಜ್ಜಿಯ ವಯಲ್ ಬಂದದ್ದೂ ಇದೇ ದಾರಿಯಲ್ಲಿ, ಆದರೆ ಆ ಕಡೆಯಿಂದ ಈ ಕಡೆಗೆ.

ಔಷಧದಿಂದಲೇ ಅಡ್ಡ ಪರಿಣಾಮ ಆಯಿತು ಅಂತ ಅನುಮಾನ ಬಂದರೆ ಅದಕ್ಕೆ ಬೇರೆ ದಾರಿ ಇದೆ. 2010ರಲ್ಲಿ ಶುರುವಾದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ 1800-180-3024 ಉಚಿತ ನಂಬರಿನಲ್ಲಿ ನರ್ಸ್‌ಗಳೂ ಹೇಳಬಹುದು, ರೋಗಿಗಳೂ ಹೇಳಬಹುದು. ಡಾಕ್ಟರೇ ಆಗಬೇಕಿಲ್ಲ.

ಎರಡು ವಾರದಲ್ಲಿ ಉತ್ತರ ಬರದಿದ್ದರೆ ನರ್ಸಿಂಗ್ ಮೀಟಿಂಗಿನಲ್ಲಿ "ಸಿರಿಂಜಿನ ವಿಷಯ ಏನಾಯಿತು?" ಅಂತ ಕೇಳಿ. ನಿಮ್ಮ ರಿಪೋರ್ಟಿನ ಒಂದು ಪ್ರತಿ, ತಲುಪಿದ ದಿನಾಂಕದ ಸಹಿ ಸಮೇತ, ನಿಮ್ಮಲ್ಲಿ ಇರಲಿ. ರೋಗಿಯ ಹೆಸರು ಅದರಲ್ಲಿ ಬೇಡ. ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಅಲ್ಲಿ ಹಾಕಿದ ಕೂಡಲೇ ಅದು ಸುದ್ದಿ ಆಗುತ್ತದೆ, ಸಿಸ್ಟರ್ ಹೆಸರು ಊರೆಲ್ಲಾ ಓಡಾಡುತ್ತದೆ.

ಕೊನೆಯದಾಗಿ, ಜೊತೆಯವರಿಗೆ ಮೋಸ ಆಗುತ್ತಾ ಅಂತ ಕೇಳಿದಿರಿ. ಅವರ ಬೆನ್ನ ಹಿಂದೆ ಕೊಟ್ಟರೆ ಹಾಗೇ ಅನ್ನಿಸುತ್ತದೆ. ಆದ್ದರಿಂದ ಕೊಡುವ ಮೊದಲು ಅವರ ಜೊತೆ ಕೂತು ಮಾತಾಡಿ. ಆ ರಾತ್ರಿಯಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ತಪ್ಪಿನ ಅಂಚಿಗೆ ಹೋಗಿ ಬಂದ ನರ್ಸ್‌ಗಳು, ಡಾಕ್ಟರುಗಳು ಒಳಗೊಳಗೇ ಎಷ್ಟು ಕೊರಗುತ್ತಾರೆ ಅನ್ನೋದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲವರು ಕೆಲಸವನ್ನೇ ಬಿಟ್ಟಿದ್ದಾರೆ. "ನಿಮ್ಮ ಜಾಗದಲ್ಲಿ ನಾನಿದ್ದರೂ ಅದೇ ಸಿರಿಂಜು ಕೈಗೆ ಸಿಗುತ್ತಿತ್ತು" ಅಂತ ಹೇಳಿ, ಅದು ನಿಜವೂ ಹೌದು. ಆಮೇಲೆ ರಿಪೋರ್ಟನ್ನು ಇಬ್ಬರೂ ಸೇರಿ ಬರೆಯಿರಿ. ಎಳೆಯುವ ಹೊತ್ತಿಗೆ ಲೈಟ್ ಹೇಗಿತ್ತು, ಯಾರು ಕರೆದರು, ವಯಲ್ ಮೇಲಿನ ಸಂಖ್ಯೆ ಯಾಕೆ ಕಾಣಲಿಲ್ಲ ಅನ್ನೋದು ಅವರಿಗೇ ಗೊತ್ತು. ರಿಪೋರ್ಟು ನೋಡಿ ಕಾರಣ ಹುಡುಕುವವರಿಗೆ ಬೇಕಾದದ್ದೂ ಅದೇ.